ಒಂಟಿ ಪೈರಿನ ಗದ್ದೆ

“ನಮ್ಮ ಗದ್ದೆ ಬಿರುಕು ಬಿಡ್ತಾ ಇದೆ, ನೀನು ನೀರನ್ನ ಆ ಕಡೆ ತಿರುಗಿಸ್ತಾ ಇದೀಯಲ್ಲಮ್ಮ!” ಬದುವಿನ ಮೇಲಿಂದ ಕೆಂಪಯ್ಯ ಕೂಗಿದರು.

ಸೊಸೆ ಲತಾ ಗುದ್ದಲಿ ಕೆಳಗಿಡಲಿಲ್ಲ. ತಮ್ಮ ಗದ್ದೆಗೆ ಹೋಗುವ ಕಾಲುವೆಗೆ ಇನ್ನಷ್ಟು ಮಣ್ಣು ಅಡ್ಡ ಹಾಕಿದಳು. ನೀರು ಪಕ್ಕದ ಗದ್ದೆಗೆ ಹೊರಳಿತು.

ಬ್ಯಾಡರಹಳ್ಳಿಯ ಆಚೆ, ಹೊಸ ಮನೆಗಳ ನಡುವೆ ಉಳಿದುಕೊಂಡಿದ್ದ ಈ ಎರಡು ಗದ್ದೆಗಳಿಗೆ ಒಂದೇ ಬೋರ್‌ವೆಲ್. ಒಂದು ಗದ್ದೆ ಕೆಂಪಯ್ಯನವರದು, ಇನ್ನೊಂದು ಅವರ ತಮ್ಮನ ಮಗ ಚನ್ನವೀರೇಶನದು. ಬೋರಿನ ನೀರು ಇಳಿದು ಕಳೆದ ವರ್ಷ ಇಬ್ಬರಿಗೂ ಅರೆಬೆಳೆ. ಕೆಂಪಯ್ಯನವರಿಗೆ ಸೊಂಟದ ಆಪರೇಷನ್ ಆದ ಮೇಲಂತೂ ಗದ್ದೆ ಮಾರುವ ಮಾತು ಮನೆಯಲ್ಲಿ ಎದ್ದಿತ್ತು. ಆಗ ಲತಾ, ಚಂದ್ರಾ ಲೇಔಟಿನ ತನ್ನ ಹೊಲಿಗೆ ಅಂಗಡಿಯನ್ನು ಮಧ್ಯಾಹ್ನದ ಮೇಲಷ್ಟೇ ತೆರೆಯುವುದೆಂದು ತೀರ್ಮಾನಿಸಿ, “ಈ ಒಂದು ಬೆಳೆ ನನಗೆ ಬಿಡಿ ಮಾವ” ಎಂದಿದ್ದಳು.

ಮಾಗಡಿ ಕಡೆಯ ತವರಿನವರು ಮಾಡುವಂತೆ, ಎಳೆಯ ಪೈರನ್ನು ಗೇಣಗಲ ಬಿಟ್ಟು ಒಂದೊಂದೇ ನೆಡಿಸಿದಳು. ಗದ್ದೆಯಲ್ಲಿ ನೀರು ನಿಲ್ಲಲು ಬಿಡಲಿಲ್ಲ, ಮಣ್ಣು ಆರಿದ ಮೇಲಷ್ಟೇ ಹಾಯಿಸಿದಳು. ನಾಟಿಗೆ ಬಂದಿದ್ದ ಮುನಿತಾಯಮ್ಮ, “ಇದೇನವ್ವ, ಗದ್ದೆ ತಲೆ ಬೋಳಿಸ್ಕೊಂಡಂಗೈತೆ!” ಎಂದು ನಕ್ಕಿದ್ದಳು.

ಇವತ್ತು ನೀರಿನ ಸರದಿ ಲತಾಳದು. ಆದರೆ ಚನ್ನವೀರೇಶನ ಪೈರು ಆಗಲೇ ಎಲೆ ಸುರುಟಿಕೊಂಡು ನಿಂತಿತ್ತು.

“ಮಾವ, ಇಲ್ಲಿ ಬನ್ನಿ.” ಅವಳು ತಮ್ಮ ಗದ್ದೆಯ ಒಂದು ಬುಡವನ್ನು ಮಣ್ಣು ಸಮೇತ ಅಗೆದೆತ್ತಿದಳು. ಬಿಳಿಯ ಬೇರು ಆಳಕ್ಕಿಳಿದು, ಒದ್ದೆ ಮಣ್ಣನ್ನು ಕಚ್ಚಿ ಹಿಡಿದಿತ್ತು. ಪಕ್ಕದ ಗದ್ದೆಯಲ್ಲಿದ್ದ ಚನ್ನವೀರೇಶ ತನ್ನದನ್ನೂ ಕಿತ್ತು ತಂದ. ನೀರು ನಿಲ್ಲಿಸಿ ಬೆಳೆಸಿದ ಅದರ ಬೇರು ಗಿಡ್ಡ, ಕಪ್ಪು, ಕೊಳೆತ ವಾಸನೆ.

“ನಮ್ಮದು ಇನ್ನೂ ತಡಕೊಳ್ಳತ್ತೆ. ಅವರದು ನಾಳೆವರೆಗೂ ಉಳಿಯಲ್ಲ. ಅವರ ಮುಂದಿನ ಸರದಿ ನಾನು ತಗೋತೀನಿ.”

“ಒಣಗಿದ್ರೆ?”

“ಒಣಗಲ್ಲ ಮಾವ. ಒಣಗಿದ್ರೆ ಗದ್ದೆ ಮಾರಿ, ನಾನು ಅಡ್ಡ ಬರಲ್ಲ.”

ಕೆಂಪಯ್ಯ ಆ ಬಿಳಿ ಬೇರನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರು. ಕೈಯ ಮಣ್ಣು ಒರೆಸಿಕೊಂಡು ಮನೆಯ ಕಡೆ ಹೊರಟರು. ಆ ಮಧ್ಯಾಹ್ನ ಅಂಗಡಿಯಲ್ಲಿ ಲತಾ ಒಂದು ರವಿಕೆಯ ತೋಳನ್ನು ತಿರುಗುಮುರುಗಾಗಿ ಹೊಲಿದು, ಮತ್ತೆ ಬಿಚ್ಚಿದಳು.

ಗದ್ದೆ ಒಣಗಲಿಲ್ಲ. ಮುಂದಿನ ಸರದಿಯ ನೀರು ಬಿದ್ದದ್ದೇ ಬುಡಬುಡಕ್ಕೂ ಮರಿಪೈರಿನ ತೆಂಡೆಯೊಡೆದು, ಸಾಲುಗಳ ನಡುವಿನ ನೆಲ ಕಾಣದಾಯಿತು. ಕೊಯ್ಲಿಗೆ ಬಂದ ಮುನಿತಾಯಮ್ಮನಿಗೆ ಒಂದು ಬುಡವನ್ನು ಒಂದೇ ಕೈಲಿ ಹಿಡಿಯಲಾಗಲಿಲ್ಲ. “ಏನ್ ಹಾಕ್ದೆ ತಾಯಿ ಇದಕ್ಕೆ?” ಎಂದು ಕುಡುಗೋಲು ಹಿಡಿದೇ ನಿಂತುಬಿಟ್ಟಳು. ಚನ್ನವೀರೇಶನ ಬೆಳೆಯೂ ಉಳಿದಿತ್ತು, ಆದರೆ ತೆಳುವಾಗಿ.

ಅವನು ಬದುವಿನ ಹತ್ತಿರ ಬಂದು ತಲೆ ಕೆರೆದುಕೊಂಡ. “ಅತ್ತಿಗೆ, ಮುಂದಿನ ನಾಟಿಗೆ ನಂಗೂ ಹೇಳ್ಕೊಡಿ.”

ಲತಾ ಬಾಯಿ ತೆರೆಯುವ ಮೊದಲೇ ಕೆಂಪಯ್ಯ ಶುರುಮಾಡಿದರು: “ಅದಕ್ಕೆ ಪೈರು ಎಳೇದಿರ್ಬೇಕು ಕಣೋ. ಬೇರು ಅಲುಗಬಾರ್ದು. ಗೇಣಗಲ ಬಿಡ್ಬೇಕು. ನಿಂಗೇನ್ ಗೊತ್ತು, ನಾನು ತೋರಿಸ್ತೀನಿ ಬಾ.”

ಲತಾ ನಗು ತಡೆದುಕೊಂಡು ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಅಕ್ಕಿಯನ್ನು ಮಾವನ ಕೈಗೆ ಹಾಕಿದಳು. ಅವರು ಅದನ್ನು ಬಾಯಿಗೆ ಹಾಕಿಕೊಂಡು ಬದುವಿನ ಮೇಲೆ ಕೂತರು. ಕೊಯ್ದ ಗದ್ದೆಯಲ್ಲಿ ಗೊರವಂಕಗಳು ಇಳಿದಿದ್ದವು. ಅವುಗಳನ್ನು ನೋಡುತ್ತಾ ಕೆಂಪಯ್ಯ ನಿಧಾನವಾಗಿ ಅಗಿಯುತ್ತಿದ್ದರು.