ಗೋಡೆಯ ಬೆವರು

"ಬಗ್ಸೇ ಬಿಂದಿಗೆನಾ! ಬಗ್ಸು ಅಂದ್ರೆ ನನ್ ಮುಖ ನೋಡ್ತೀಯಲ್ಲೇ, ಕಳ್ಳಿ!"

ಬಗ್ಗಿಸಿದೆ. ಬಗ್ಗಿಸದೆ ಇನ್ನೇನು ಮಾಡಲಿ? ನೀರು ಸಾಹೇಬರ ಬೂಟಿನ ಪಕ್ಕದಲ್ಲೇ ಹರಿದು ಚರಂಡಿಗಿಳಿಯಿತು. ನನ್ನ ಹಿಂದಿದ್ದ ಹೆಂಗಸರೂ ಒಬ್ಬೊಬ್ಬರೇ ಬಗ್ಗಿಸಿದರು. ನಾವು ನಿಂತಿದ್ದದ್ದು ಅಣೆಕಟ್ಟಿನ ಹೊಟ್ಟೆಯೊಳಗಿನ ಸುರಂಗದ ಬಾಗಿಲಲ್ಲಿ. ಆ ಸುರಂಗ ಗುಡಿಸಿ ತೊಳೆಯುವುದು ನಮ್ಮ ಕೆಲಸ.

"ಸರ್ಕಾರದ ನೀರು ಕದ್ದು ಕುಡಿಯೋಕೆ ನಾಚ್ಕೆ ಆಗಲ್ವಾ?"

"ಕದ್ದಿದ್ದಲ್ಲ ಸ್ವಾಮಿ. ಗೋಡೆಯಿಂದ ಸೋರಿ ಚರಂಡಿಗೆ ಹೋಗೋ ನೀರು" ಅಂದೆ.

ಅದೇ ತಪ್ಪಾಯಿತು ನೋಡಿ. ಮನುಷ್ಯನ ಮೂಗಿನ ಹೊಳ್ಳೆ ಅರಳಿ ಬಿಟ್ಟಿತು.

"ಏನಂದೆ? ಸೋರಿದ್ದಾ? ನನ್ನ ಡ್ಯಾಮು ಸೋರುತ್ತಾ?"

ಸಾಹೇಬರು ದಡದಡ ಒಳಗೆ ಹೋದರು. ಪೊರಕೆ ಇಡುವ ಗೂಡಿನ ಹಿಂದೆ ನಮ್ಮ ಡ್ರಮ್ಮಿತ್ತು. ಗೋಡೆಯ ತೂತುಗಳಿಗೆ ಸೈಕಲ್ಲಿನ ಹಳೇ ಟ್ಯೂಬುಗಳನ್ನು ಸಿಕ್ಕಿಸಿ, ಬಾಯಿಗಳನ್ನೆಲ್ಲ ಅದಕ್ಕೆ ಬಿಟ್ಟಿದ್ದೆವು. ಅದನ್ನು ಕಂಡವರೇ ಜಾಡಿಸಿ ಒದ್ದರು. ತುಂಬಿದ ಡ್ರಮ್ಮು ಒದ್ದರೆ ಬೀಳುತ್ತದೆಯೇ? ಹೆಬ್ಬೆರಳು ಹಿಡಿದುಕೊಂಡು ಒಂಟಿಕಾಲಲ್ಲಿ ಕುಣಿದರು. ನನ್ನ ಪಕ್ಕದವಳು ಕಿಸಕ್ಕೆಂದಳು. ಆ ನಗುವಿಗೆ ದಂಡ ತೆತ್ತದ್ದು ನಾನು. ಕಾವಲಿನವನಿಂದ ಹಾರೆಯಲ್ಲಿ ಡ್ರಮ್ಮನ್ನು ತೂತು ಮಾಡಿಸಿ, ಟ್ಯೂಬುಗಳನ್ನೆಲ್ಲ ಕಿತ್ತುಹಾಕಿಸಿ, ಬೂಟು ಮುಂದೆ ಚಾಚಿದರು.

"ಒರ್ಸು. ಪೊರಕೆ ಬೇಡ. ನಿನ್ ಹೆಗಲ ಮೇಲಿದ್ಯಲ್ಲ, ಆ ಬಟ್ಟೇಲೇ ಒರ್ಸು."

ಮಂಡಿಯೂರಿ ಒರೆಸಿದೆ. ನನ್ನ ಮಗಳ ವಯಸ್ಸಿನ ಹುಡುಗಿಯರು ನೋಡುತ್ತ ನಿಂತಿದ್ದರು. ಮೈಯೆಲ್ಲ ಉರಿದುಹೋಯಿತು.

"ಇನ್ಮೇಲೆ ಒಂದು ಲೋಟ ಕೂಡ ಒಳಗೆ ಬರಕೂಡದು. ಇನ್ನು ನಾಲ್ಕು ದಿನಕ್ಕೆ ದೇಶದೇಶದಿಂದ ಎಂಜಿನಿಯರುಗಳು ಬರ್ತಿದಾರೆ. ಅವ್ರ ಮುಂದೆ ಈ ದರಿದ್ರ ಬಿಂದಿಗೆ ಮೆರವಣಿಗೆ ಕಾಣಿಸ್ತೋ, ನಿಮ್ ಗುಡಿಸಲು ಇರಲ್ಲ!"

ಕಾಲೊನಿಯಲ್ಲಿ ಈ ಮಹಾನುಭಾವರಿಗೆ ನಾವಿಟ್ಟ ಹೆಸರು ಸೋರದ ಸಾಹೇಬ. ಅವರು ಬರುವ ಮುಂಚೆ ಗೋಡೆ ಸೋರುತ್ತಿತ್ತಂತೆ. ಇವರು ಬಂದು, ಗೋಡೆಯ ಸಣ್ಣ ಸಣ್ಣ ಬಿರುಕುಗಳಿಗೆ ಸಿಮೆಂಟಿನ ಹಾಲು ಕುಡಿಸಿದರಂತೆ. ಅವತ್ತಿನಿಂದ ಸೋರಿಕೆಯ ಅಳತೆ ಇಳಿಯುತ್ತಲೇ ಹೋಯಿತಂತೆ. ಅದಕ್ಕೇ ದೇಶದೇಶದ ಎಂಜಿನಿಯರುಗಳು ಸೇರಿ ಇವರ ಕೊರಳಿಗೊಂದು ಪದಕ ಹಾಕುವವರಿದ್ದರು. ಅಳತೆ ನೋಡುವುದು ಸುರಂಗದ ಕೊನೆಯಲ್ಲಿ. ಸೋರಿದ ನೀರೆಲ್ಲ ಚರಂಡಿಯಲ್ಲಿ ಹರಿದು ಅಲ್ಲೊಂದು ಸಣ್ಣ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯಲ್ಲಿ ಗೀಟು ಹಾಕಿದ ಪಟ್ಟಿಯಿದೆ. ಬೀಗದಣ್ಣ, ಅಂದರೆ ಸುರಂಗದ ಬೀಗದ ಕೈ ಇಟ್ಟುಕೊಂಡವನು, ದಿನಾ ಬಗ್ಗಿ ನೋಡಿ ಸಾಹೇಬರಿಗೆ ಹೇಳಿ ಬರುತ್ತಾನೆ.

ಇನ್ನು ನಮ್ಮ ಕಥೆ. ಸಾಹೇಬರು ಬಂದ ವರ್ಷವೇ ಕಾಲೊನಿಯ ಬೋರ್‌ವೆಲ್ ಕೈಕೊಟ್ಟಿತು. ಅಣೆಕಟ್ಟಿನ ಬುಡದಲ್ಲೇ ನಮ್ಮ ಮನೆಗಳು. ಬಾಗಿಲು ತೆರೆದರೆ ಆಕಾಶಕ್ಕಿಂತ ಮುಂಚೆ ಗೋಡೆ ಕಾಣುತ್ತದೆ. ಆ ಕಡೆ ಸಮುದ್ರದಂಥ ನೀರು, ಈ ಕಡೆ ನಾವು. ಮನೆಗಳ ಮುಂದೆ ಹೊಳೆಯ ಪಾತ್ರವಿದೆ, ಹೊಳೆ ಇಲ್ಲ. ನೀರೆಲ್ಲ ಮೇಲಿನಿಂದಲೇ ಕೊಳವೆ ಹತ್ತಿ ಪಟ್ಟಣಕ್ಕೆ ಹೋಗುತ್ತದೆ. ಹೊಳೆಯಲ್ಲಿ ಮಕ್ಕಳು ಚೆಂಡಾಡುತ್ತವೆ, ನಾವು ಬಟ್ಟೆ ಒಣಹಾಕುತ್ತೇವೆ. ಬೋರ್‌ವೆಲ್ ಬತ್ತಿದ ಮೇಲೆ ಗೋಡೆಯ ಬೆವರೇ ನಮಗೆ ಗತಿಯಾಯಿತು. ಸೋರುವ ನೀರಿಗೆ ನಾವು ಹಾಗೇ ಅನ್ನುತ್ತಿದ್ದೆವು. ಸುಣ್ಣದ ನೀರು, ಬಿಂದಿಗೆಯ ಒಳಗೆಲ್ಲ ಬೆಳ್ಳಗೆ ಹಕ್ಕಳೆ ಕಟ್ಟುತ್ತಿತ್ತು. ಆದರೆ ತಣ್ಣಗಿರುತ್ತಿತ್ತು, ವಾಸನೆ ಇರಲಿಲ್ಲ.

ನನ್ನ ಅತ್ತೆಯ ತವರೂರು, ಗಂಡನ ಊರು ಎರಡೂ ಆ ನೀರಿನಡಿಯಲ್ಲೇ ಇವೆ. ಅವಳು ಆಗಾಗ ಗೋಡೆಗೆ ಕೈಮುಗಿದು ಬೈಯುತ್ತಿದ್ದಳು, "ಮುಳುಗೋವಷ್ಟು ನೀರು ಕೊಟ್ರಿ ಬೋಳಿಮಕ್ಳಾ, ಕುಡಿಯೋವಷ್ಟು ಕೊಡ್ಲಿಲ್ಲ!" ಕೈಮುಗಿಯುವುದು ಯಾಕೆ ಅಂದರೆ, ಒಳಗೆ ತನ್ನ ಮನೆಯಿದೆಯಲ್ಲ, ಅದಕ್ಕೆ ಅನ್ನುತ್ತಿದ್ದಳು.

ಸುರಂಗ ತೊಳೆದಾದ ಮೇಲೆ ಮೇಲಿನ ಹಜಾರದ ಧೂಳು ಹೊಡೆಯುವುದೂ ನನ್ನ ಪಾಲಿನದೇ. ನೋಡಲು ಬಂದವರಿಗೆಂದು ಕಟ್ಟಿದ ಹಜಾರ. ಗೋಡೆ ತುಂಬ ಲೋಕದ ಜಲಾಶಯಗಳ ಫೋಟೋ. ಒಂದು ದೇಶದಲ್ಲಿ ನೀರು ಬಿಸಿಲಿಗೆ ಆರಬಾರದೆಂದು ಮೇಲೆಲ್ಲ ಕರಿ ಚೆಂಡು ತೇಲಿಬಿಟ್ಟಿದ್ದಾರೆ. ಇನ್ನೊಂದು ದೇಶದಲ್ಲಿ ಜಲಾಶಯದ ನೀರಿನಿಂದ ಹಿಮ ತಯಾರಿಸಿ ಬೆಟ್ಟದ ಮೇಲೆ ಚೆಲ್ಲುತ್ತಾರೆ, ದೊಡ್ಡವರು ಅದರ ಮೇಲೆ ಜಾರಿ ಆಡುತ್ತಾರೆ. ಮತ್ತೊಂದು ಕಡೆ ದೋಣಿ ಪಂದ್ಯ. ಪಕ್ಕದಲ್ಲಿ ದಪ್ಪಕ್ಷರದಲ್ಲಿ ಉಪಯೋಗಗಳು: ಬೇಸಾಯ, ಕರೆಂಟು, ಪಟ್ಟಣಕ್ಕೆ ಕುಡಿಯುವ ನೀರು, ಪ್ರವಾಹ ತಡೆ, ಮೀನು, ದೋಣಿ ವಿಹಾರ, ವಲಸೆ ಹಕ್ಕಿ. ಒಮ್ಮೆ ಅತ್ತೆಯನ್ನೂ ಕರೆದುಕೊಂಡು ಹೋಗಿ ಓದಿ ಹೇಳಿದೆ. ಕಿವಿಗೊಟ್ಟು ಕೇಳಿದಳು.

"ಹಕ್ಕಿ ಆದ್ಮೇಲೆ ನಾವು ಬರ್ತೀವೇನೇ?"

"ಹಕ್ಕಿಗೇ ಮುಗೀತು ಅತ್ತೆ."

"ಪಾಪ, ಜಾಗ ಸಾಲದೆ ಹೋಯ್ತೇನೋ" ಅಂದಳು.

ಡ್ರಮ್ಮು ಒಡೆದ ಮಾರನೇ ದಿನ ಟ್ಯಾಂಕರು ಬಂತು. ಅದರ ನೀರಿಗೆ ಡೀಸೆಲ್ ವಾಸನೆ. ಕಾಯಿಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟರೂ ಅಂಬೆಗಾಲಿಡುವ ಮೊಮ್ಮಗಳಿಗೆ ವಾಂತಿ ಭೇದಿ ಹಿಡಿದುಕೊಂಡಿತು. ಒಂದೇ ರಾತ್ರಿಯಲ್ಲಿ ಕೂಸಿನ ಕಣ್ಣು ಗುಳಿಬಿದ್ದವು. ಮಗಳು ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಡಾಕ್ಟರು ಪುಡಿಯ ಪೊಟ್ಟಣ ಕೊಟ್ಟು, "ಇದನ್ನ ಒಳ್ಳೇ ನೀರಲ್ಲಿ ಕಲಸಿ ಕುಡಿಸ್ತಾ ಇರಮ್ಮ. ಡ್ಯಾಮ್ ಹತ್ರಾನೇ ಇದೀರಲ್ಲ, ನಿಮಗೇನು ನೀರಿಗೆ ಬರ" ಅಂದರಂತೆ. ಮಗಳು ಪೊಟ್ಟಣವನ್ನು ನನ್ನ ಕೈಗಿಟ್ಟು ಗೊಳೋ ಎಂದು ಅತ್ತಳು.

"ಅಮ್ಮಾ, ಇದನ್ನ ಯಾವುದ್ರಲ್ಲಿ ಕಲಸ್ಲಿ?"

ಮಾನ ಮರ್ಯಾದೆ ಕಟ್ಟಿಟ್ಟು, ಬಿಂದಿಗೆ ಹಿಡಿದು ಅತಿಥಿಗೃಹಕ್ಕೆ ಹೋದೆ. ಅಲ್ಲಿ ಹುಲ್ಲಿಗೆ ನೀರು ಬಿಟ್ಟಿದ್ದರು. ಸಾಹೇಬರು ಕನ್ನಡಿಯ ಮುಂದೆ ನಿಂತವರಂತೆ ಹುಲ್ಲಿನ ಮುಂದೆ ನಿಂತು ಭಾಷಣ ಉರು ಹೊಡೆಯುತ್ತಿದ್ದರು. "ನೀರೇ ಜೀವ. ಒಂದು ಹನಿಯೂ ವ್ಯರ್ಥವಾಗಬಾರದು..."

"ಸಾಹೇಬ್ರೆ, ಕೂಸಿಗೆ ಭೇದಿ. ಈ ಪೈಪಿಂದ ಒಂದೇ ಒಂದು ಬಿಂದಿಗೆ..."

"ಅಯ್ಯೋ ನಿನ್ನ! ಅತಿಥಿಗಳು ಬರೋ ಹೊತ್ತಿಗೆ ಈ ಹುಲ್ಲು ಹಸಿರಾಗಬೇಕು. ಅವರು ಬಂದು ಹೋಗ್ಲಿ, ಆಮೇಲೆ ನೋಡೋಣ."

"ಭೇದಿ ನಿಲ್ಲುತ್ತಾ ಸ್ವಾಮಿ, ಅವ್ರು ಬಂದು ಹೋಗೋ ತನಕ?"

"ಹೆತ್ತು ಹೆತ್ತು ಹಾಕಿ ನನ್ ತಲೆ ತಿನ್ನೋಕೆ ಬರ್ತೀರಾ? ಏಯ್, ಇವಳನ್ನ ಆಚೆ ಕಳಿಸ್ರೋ!"

ಕಾವಲಿನವನು ತಳ್ಳಿದ. ಗೇಟಿನ ಹತ್ತಿರ ಬೀಗದಣ್ಣ ತಲೆ ಕೆರೆಯುತ್ತ ನಿಂತಿದ್ದ.

"ಏನಣ್ಣ?"

"ತೊಟ್ಟೀಲಿ ಅಳತೆ ಯದ್ವಾತದ್ವಾ ಏರ್ತಿದೆ ಕಣವ್ವ. ಸಾಹೇಬ್ರಿಗೆ ಹೇಳ್ದೆ. ನಿನ್ ಕಣ್ಣು ಮಂಜಾಗಿದೆ, ಹೋಗಿ ಕನ್ನಡಕ ಹಾಕಿಸ್ಕೋ ಅಂದ್ರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ಹೊಳೆಯಿತು ನನಗೆ. ಮೂರು ವರ್ಷದಿಂದ ಇವರ ಅಳತೆ ಇಳಿಸಿದ್ದು ಸಿಮೆಂಟಿನ ಹಾಲಲ್ಲ, ನಮ್ಮ ಬಾಯಾರಿಕೆ! ಪದಕ ಇವರ ಕೊರಳಿಗೆ, ಕಳ್ಳಿ ಅನ್ನುವ ಹೆಸರು ನಮಗೆ. ಬೀಗದಣ್ಣನೂ ಅದನ್ನೇ ಯೋಚಿಸುತ್ತಿದ್ದ ಅಂತ ಕಾಣುತ್ತದೆ.

"ಹೇಳ್ಬೇಡಣ್ಣ" ಅಂದೆ.

"ನಂಗೇನ್ ಹುಚ್ಚಾ? ಕಣ್ಣು ಬೇರೆ ಮಂಜಾಗಿದೆ" ಅಂದ.

ಆ ದಿನ ಬಂತು. ಬಿಳಿ ಟೋಪಿ ಹಾಕಿದ ದೇಶದೇಶದ ಎಂಜಿನಿಯರುಗಳು, ಅವರ ಹಿಂದೆ ರಾಜಧಾನಿಯಿಂದ ಬಂದ ದೊಡ್ಡ ಸಾಹೇಬ, ಎಲ್ಲರ ಮುಂದೆ ಕೋಲು ಹಿಡಿದ ನಮ್ಮ ಸೋರದ ಸಾಹೇಬ. ನನ್ನನ್ನು ಹೊಸ ಪೊರಕೆ ಕೊಟ್ಟು ತೊಟ್ಟಿಯ ಪಕ್ಕದಲ್ಲಿ ನಿಲ್ಲಿಸಿದ್ದರು. "ಯಾರಾದ್ರೂ ನೋಡಿದ್ರೆ ನಗು. ಬಾಯಿ ಮಾತ್ರ ಬಿಡಬೇಡ" ಅಂತ ಅಪ್ಪಣೆಯಾಗಿತ್ತು. ಗೋಡೆಯ ಮೇಲೆ ಸಾಹೇಬರು ಮಾಡಿಸಿದ ಬಣ್ಣದ ಚಿತ್ರ, ಸೋರಿಕೆ ಹೇಗೆ ಇಳಿಯಿತು ಅಂತ ತೋರಿಸುವ ಇಳಿಜಾರಿನ ಗೆರೆ.

"ನನ್ನ ಕಾಲದಲ್ಲಿ ಈ ಗೋಡೆ ಸೋರುವುದನ್ನೇ ಮರೆತಿದೆ!" ಅಂದರು ಸಾಹೇಬರು.

ಅಷ್ಟರಲ್ಲಿ ಒಬ್ಬ ಅತಿಥಿ ಬೂಟೆತ್ತಿ ನೋಡಿಕೊಂಡ. ಪಚಕ್ ಎಂದಿತು. ಚರಂಡಿ ತುಂಬಿ ನೆಲಕ್ಕೆ ಬಂದಿತ್ತು. ಅವರಲ್ಲೆಲ್ಲ ಹಿರಿಯಳಾದ, ಕೂದಲು ನೆರೆತ ಒಬ್ಬ ಹೆಂಗಸು ತೊಟ್ಟಿಗೆ ಬಗ್ಗಿ ಪಟ್ಟಿ ನೋಡಿದಳು. ಚಿತ್ರ ನೋಡಿದಳು. ಮತ್ತೆ ಪಟ್ಟಿ ನೋಡಿದಳು. ಅವಳು ಆಡಿದ್ದನ್ನು ಜೊತೆಯವನು ನಮ್ಮ ಮಾತಿನಲ್ಲಿ ಹೇಳಿದ: "ಕೆಲವೇ ದಿನಕ್ಕೆ ಇಷ್ಟು ಏರಿದೆ ಅಂದರೆ ಗೋಡೆ ಒಳಗೆ ಬಿರುಕು ಬಿಟ್ಟಿರಬಹುದು. ಮೊದಲು ಜಲಾಶಯದ ನೀರು ಇಳಿಸಿ. ಕಾರಣ ಆಮೇಲೆ ಹುಡುಕಿ."

ದೊಡ್ಡ ಸಾಹೇಬನ ಮುಖ ಹರಳೆಣ್ಣೆ ಕುಡಿದವನಂತಾಯಿತು. "ಏನ್ರೀ ಇದು?" ಅಂತ ಗದರಿದ.

ಅಡಕತ್ತರಿಗೆ ಸಿಕ್ಕಿದ ಅಡಕೆ ಅಂತಾರಲ್ಲ, ಹಾಗಿತ್ತು ನಮ್ಮ ಸಾಹೇಬರ ಪಾಡು. ನೀರು ಹೆಂಗಸರು ಒಯ್ಯುತ್ತಿದ್ದರು ಅಂದರೆ ಸಿಮೆಂಟಿನ ಹಾಲು ಸುಳ್ಳು, ಪದಕ ಸುಳ್ಳು. ಹೇಳದಿದ್ದರೆ ಡ್ಯಾಮೇ ಒಡೆದಿದೆ. ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿದರು. ಅಪ್ಪಣೆಯಾಗಿತ್ತಲ್ಲ, ನಾನು ನಕ್ಕೆ.

ಸೈರನ್ ಕೂಗಿತು. ಟೋಪಿಗಳು ಉರುಳುವಂತೆ ಎಲ್ಲರೂ ಓಡಿದರು. ಬಂದಾಗ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದ ದೊಡ್ಡ ಸಾಹೇಬನೇ ಎಲ್ಲರಿಗಿಂತ ಮುಂದೆ. ಹೊಳೆಪಾತ್ರದ ಕಡೆಯ ಜನರೆಲ್ಲ ದಡ ಹತ್ತಬೇಕೆಂದು ಮೈಕಿನಲ್ಲಿ ಸಾರಿದರು. ಒಣಹಾಕಿದ ಬಟ್ಟೆ ಎತ್ತಿಕೊಂಡು, ಚೆಂಡಾಡುತ್ತಿದ್ದ ಮಕ್ಕಳನ್ನು ರಟ್ಟೆ ಹಿಡಿದೆಳೆದುಕೊಂಡು ನಾವು ದಡಕ್ಕೆ ಬಂದು ನಿಂತೆವು. ಗೇಟು ಎತ್ತಿದರು. ಮೊದಲು ಸದ್ದು ಬಂತು, ಆಮೇಲೆ ಕೆಂಪು ನೀರು, ಕಸ, ಕಡ್ಡಿ. ನೀರು ತುಳುಕದೆ ಪಾತ್ರದೊಳಗೇ ಹರಿಯಿತು. ಅತ್ತೆ ದಡದಲ್ಲಿ ಕುಕ್ಕುರುಗಾಲಲ್ಲಿ ಕೂತು ಬಾಯಿ ಬಿಟ್ಟುಕೊಂಡು ನೋಡಿದಳು.

"ಬಂತಲ್ಲೇ ಹೊಳೆ! ನಾನು ಮದುವೆಯಾಗಿ ಬಂದಾಗ ನೋಡಿದ್ದು ಕಣೇ ಇದು!" ಅಂತ ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟಳು.

ಮಾರನೇ ದಿನ ನೀರು ತಿಳಿಯಾಯಿತು. ಆ ತನಕ ಕೂಸಿನ ಜೀವ ಹಿಡಿದದ್ದು ಮಗಳ ಎದೆಹಾಲೇ. ಕಾಯಿಸಿ ಆರಿಸಿ, ಮಗಳು ಪುಡಿ ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. ಸಂಜೆ ಹೊತ್ತಿಗೆ ಕೂಸು ಕಕ್ಕುವುದು ನಿಂತಿತು. ಮರುದಿನ ಕಣ್ಣು ಬಿಟ್ಟು ನನ್ನ ಮೂಗು ಹಿಡಿದೆಳೆಯಿತು. ಅಷ್ಟು ಸಾಕಾಗಿತ್ತು ನನಗೆ.

ಅವತ್ತೇ ಸೋರದ ಸಾಹೇಬರು ಬಂದರು. ಕಾರಿಲ್ಲ, ಕಾವಲಿನವನಿಲ್ಲ. ಗಡ್ಡ ಬೆಳೆದಿತ್ತು. ನಾವು ಹೊಳೆಯಂಚಿನಲ್ಲಿ ಬಿಂದಿಗೆ ಬೆಳಗುತ್ತಿದ್ದೆವು. ಅತ್ತೆ ಕೂಸಿಗೆ ಸ್ನಾನ ಮಾಡಿಸುತ್ತಿದ್ದಳು.

"ತಾಯಿ..." ಅಂದರು.

ನಾನು ಹಿಂದೆ ತಿರುಗಿ ನೋಡಿದೆ, ಯಾರನ್ನು ಕರೆಯುತ್ತಿದ್ದಾರೆ ಅಂತ.

"ನಿನ್ನೇ ತಾಯಿ. ಒಂದೇ ಒಂದು ಉಪಕಾರ ಮಾಡು. ದೊಡ್ಡ ಸಾಹೇಬ್ರ ಮುಂದೆ ಬಂದು, ನೀರು ನಾವು ತಗೋತಿದ್ವಿ ಅಂತ ಹೇಳಿಬಿಡು. ನಾನು ಹೇಳಿದ್ರೆ ನಂಬ್ತಿಲ್ಲ. ತಪ್ಪು ಮುಚ್ಚಾಕೋಕೆ ಬಡವರ ಮೇಲೆ ಹಾಕ್ತೀಯಾ ಅಂತಾರೆ! ಡ್ರಮ್ಮೆಲ್ಲಿ, ಟ್ಯೂಬೆಲ್ಲಿ ಅಂತಾರೆ. ನಾನೇ ಒಡೆಸಿದೀನಿ, ಎಲ್ಲಿಂದ ತರ್ಲಿ? ನೀವು ಒಂದು ಮಾತು ಹೇಳಿದ್ರೆ ಈಗಲೇ ಗೇಟು ಮುಚ್ತಾರೆ."

"ಯಾವ ನೀರು ಸಾಹೇಬ್ರೆ?"

"ಅದೇ ಕಣಮ್ಮ... ಗೋಡೇಲಿ ಸೋರಿದ್ದು."

"ಅಯ್ಯೋ! ನಿಮ್ಮ ಡ್ಯಾಮು ಸೋರುತ್ತಾ?"

ಹೆಂಗಸರೆಲ್ಲ ಬೆಳಗುವುದನ್ನು ನಿಲ್ಲಿಸಿದರು. ಸಾಹೇಬರ ಮುಖಕ್ಕೆ ರಕ್ತ ನುಗ್ಗಿತು. ಬೈಗುಳ ಗಂಟಲವರೆಗೂ ಬಂದದ್ದು ಕಂಡಿತು, ನುಂಗಿಕೊಂಡರು.

"ನಲ್ಲಿ ಹಾಕಿಸ್ತೀನಿ ನಿಮಗೆ. ಆಣೆ ಮಾಡಿ ಹೇಳ್ತೀನಿ, ಮನೆಮನೆಗೂ ನಲ್ಲಿ!"

ಅತ್ತೆ ಕೂಸಿನ ತಲೆ ಒರೆಸುತ್ತ, ಮೇಲೆ ನೋಡದೆ ಅಂದಳು: "ಹಾಕ್ಸಪ್ಪ, ಬೇಡ ಅನ್ನೋರ್ಯಾರು? ನೀರು ಬರ್ಲಿ. ಒಂದು ಲೋಟ ಕುಡೀತೀನಿ. ಆಮೇಲೆ ನಂಗೇನಾದ್ರೂ ಜ್ಞಾಪಕ ಬರುತ್ತಾ ನೋಡೋಣ. ವಯಸ್ಸಾಯ್ತು ನೋಡು, ಬಾಯಾರಿದ್ರೆ ಎಲ್ಲಾ ಮರ್ತೋಗುತ್ತೆ."

"ಅಷ್ಟರಲ್ಲಿ ಜಲಾಶಯ ಬರಿದಾಗುತ್ತಲ್ಲಮ್ಮಾ! ಪಟ್ಟಣಕ್ಕೆ ಏನು ಮಾಡ್ಲಿ?"

"ಟ್ಯಾಂಕರ್ ಕಳ್ಸಿ ಸ್ವಾಮಿ" ಅಂದಳು ನನ್ನ ಮಗಳು.

ಸಾಹೇಬರು ಅಲ್ಲೇ ನಿಂತರು. ಹೊಳೆಯ ನೀರು ಅವರ ಬೂಟಿನ ತುದಿಗೆ ಬಂದು ಬಂದು ತಾಗುತ್ತಿತ್ತು, ಅದರ ಪರಿವೆ ಅವರಿಗಿರಲಿಲ್ಲ. ನಾನು ಬಿಂದಿಗೆಯನ್ನು ನೀರಿಗೆ ಅದ್ದಿ, ಗುಳುಗುಳು ಸದ್ದು ನಿಲ್ಲುವ ತನಕ ಕಂಠಮಟ್ಟ ತುಂಬಿಸಿ ಎತ್ತಿದೆ. ಹೆಜ್ಜೆ ಮುಂದಿಟ್ಟು, ಅವರ ಬೂಟಿನ ಪಕ್ಕದಲ್ಲೇ ಪೂರ್ತಿ ಬಗ್ಗಿಸಿದೆ.

"ಬಗ್ಸು ಅಂದಿದ್ರಲ್ಲ ಸಾಹೇಬ್ರೆ" ಅಂದು, ಮತ್ತೆ ತುಂಬಿಸಿಕೊಂಡು ಮನೆಯ ಕಡೆ ನಡೆದೆ.