ಶಿವಬಸಮ್ಮನ ನಂಬರು

"ಇನ್ನಾ ಬಂದ್ ಐತ್ರಿ ಅಕ್ಕಾರ," ಎಂದು ಮೊಬೈಲ್ ಅಂಗಡಿಯ ಇಸ್ಮಾಯಿಲ್‌ಸಾಬ್ ತನ್ನ ಫೋನನ್ನು ಕಿವಿಯಿಂದ ಇಳಿಸಿದ.

ಶಿವಬಸಮ್ಮನ ಅಂಗೈಯಲ್ಲಿ ಒಂದು ನೀಲಿ ಫೋನು ಇತ್ತು. ಸಿಂಧನೂರಿನ ಆ ಅಂಗಡಿಗೆ ಕಾಲಿಟ್ಟಾಗಿನಿಂದ ಮಗಳು ಅಶ್ವಿನಿಯ ಕಣ್ಣು ಅದರ ಮೇಲೆಯೇ ಇತ್ತು. ಸ್ವಲ್ಪ ಮುಂಗಡ ಕೊಟ್ಟರೆ ಸಾಕು, ಉಳಿದದ್ದನ್ನು ತಿಂಗಳು ತಿಂಗಳು ಕಂತಿನಲ್ಲಿ ಕಟ್ಟಬಹುದು ಎಂದು ಸಾಬ ಹೇಳಿದ್ದ. ಆಧಾರ್ ಕಾರ್ಡು ಕೊಟ್ಟಾಗಿತ್ತು, ಮುಖದ ಫೋಟೊ ತೆಗೆದಾಗಿತ್ತು. ಇನ್ನು ಓಟಿಪಿಯೊಂದು ಬರಬೇಕಿತ್ತು. ಅದು ಬರುವುದು ಗಂಡನ ಫೋನಿಗೆ. ಆಧಾರಿಗೆ, ಬ್ಯಾಂಕಿಗೆ, ಗ್ಯಾಸಿಗೆ, ಅವಳ ಹೆಸರಿನಲ್ಲಿದ್ದ ಎಲ್ಲದಕ್ಕೂ ಕರಿಬಸಯ್ಯನ ನಂಬರೇ ಕೊಟ್ಟಿತ್ತು. ಆತನೋ ಬೆಳಗ್ಗೆಯೇ ಗುರುಗುಂಟಾಕ್ಕೆ ಒಬ್ಬರ ಮನೆಯ ಪೂಜೆಗೆ ಹೋಗಿದ್ದ. ಪೂಜೆಗೆ ಕುಳಿತರೆ ಫೋನು ಬಂದ್ ಮಾಡಿ ಜೋಳಿಗೆಯೊಳಗೆ ಇಡುವುದು ಆತನ ರೂಢಿ.

"ಮಧ್ಯಾಹ್ನಕ್ಕ ಅಪ್ಪ ಫೋನ್ ಚಾಲೂ ಮಾಡ್ತಾನ ಬಿಡವ್ವ. ಕುಂದರೂಣು," ಎಂದಳು ಅಶ್ವಿನಿ. ಸಾಬ ಚಹಾ ತರಿಸುತ್ತೇನೆಂದ.

ಶಿವಬಸಮ್ಮ ಕುಳಿತಳು. ಆದರೆ ಆ ಜೋಳಿಗೆ ಅವಳ ಕಣ್ಣ ಮುಂದಿನಿಂದ ಸರಿಯಲಿಲ್ಲ. ಮಸ್ಕಿಯ ಓಣಿಯಲ್ಲಿ ಅವಳ ಕಡಕ್ ರೊಟ್ಟಿಗೆ ಹೆಸರಿತ್ತು. ಲಿಂಗಸುಗೂರಿನಿಂದಲೂ ಹಟ್ಟಿಯಿಂದಲೂ ಆರ್ಡರು ಬರುತ್ತಿದ್ದವು, ಬರುವುದು ಮಾತ್ರ ಗಂಡನ ಫೋನಿಗೆ. ಹಟ್ಟಿಯಲ್ಲಿ ಗಣಿಯ ಮಂದಿಗೆ ಖಾನಾವಳಿ ನಡೆಸುವ ಮೆಹಬೂಬ್‌ಬೀ ಹೋದ ತಿಂಗಳು ಮಗನ ಮದುವೆಗೆ ರೊಟ್ಟಿ ಹೇಳಲು ಮೂರು ದಿನ ಫೋನು ಹಚ್ಚಿದ್ದಳಂತೆ. ಎರಡು ದಿನ ಫೋನು ಜೋಳಿಗೆಯಲ್ಲಿತ್ತು. ಮೂರನೆಯ ದಿನ ಕರಿಬಸಯ್ಯ ಎತ್ತಿದ, ಹೂಂ ಅಂದ, ಮನೆಗೆ ಬರುವಷ್ಟರಲ್ಲಿ ಮರೆತ. ಮದುವೆಯ ರೊಟ್ಟಿ ಮುದಗಲ್ಲಿನಿಂದ ಹೋಯಿತು. "ಮರತೀನಿ, ಏನ್ ಮಾಡ್ಲಿ," ಎಂದು ಆತ ನಿಜವಾಗಿಯೂ ಕಳವಳಪಟ್ಟಿದ್ದ. ಆತನ ಮೇಲೆ ಸಿಟ್ಟು ಮಾಡುವುದೂ ಕಷ್ಟ.

ಚಹಾ ಬಂತು. ಅವಳು ಕುಡಿಯದೆ ಕೇಳಿದಳು, "ಸಾಬ್ರ, ಕಂತು ಕಟ್ರಿ ಅಂತ ತಿಂಗಳಾ ತಿಂಗಳಾ ಹೇಳ್ತಾರಲ್ಲ, ಅದು ಯಾರ ಫೋನಿಗಿ ಬರತೈತ್ರಿ?"

"ಅದಾ ಅಯ್ಯನವರ ನಂಬರಿಗೇರಿ."

"ಅವರು ನೋಡಲಿಲ್ಲಂದ್ರ?"

ಸಾಬ ಸುಳ್ಳು ಹೇಳುವ ಮನುಷ್ಯನಲ್ಲ. ಕಂತು ತಪ್ಪಿದರೆ ಕಂಪನಿಯವರು ಅಲ್ಲಿಂದಲೇ ಫೋನಿಗೆ ಬೀಗ ಹಾಕುತ್ತಾರೆ, ಕಟ್ಟಿದ ಮೇಲೆ ಮತ್ತೆ ತೆರೆಯುತ್ತಾರೆ ಎಂದು ವಿವರಿಸಿದ.

"ಪೂರಾ ರೊಕ್ಕ ಕೊಟ್ಟು ತಗೊಂಡ್ರ ಯಾರಿಗಿ ಕೇಳಬೇಕ್ರಿ?"

"ಯಾರಿಗಿ ಕೇಳ್ತೀರಿ? ನಿಮ್ಮ ರೊಕ್ಕ, ನಿಮ್ಮ ಫೋನು."

ಅವಳು ನೀಲಿ ಫೋನನ್ನು ಮೆಲ್ಲಗೆ ಗಾಜಿನ ಮೇಲಿಟ್ಟಳು. ಈ ತಿಂಗಳು ಓಣಿಯ ಹೆಂಗಸರು ರೊಕ್ಕ ಕೂಡಿಹಾಕುವ ಬೀಸಿ ಚೀಟಿಯಲ್ಲಿ ಅವಳ ಪಾಳಿ ಬಂದಿತ್ತು. ಆ ರೊಕ್ಕವೆಲ್ಲ ಸೊಂಟದ ಸಂಚಿಯಲ್ಲಿತ್ತು. ಕೆಳಗಿನ ಸಾಲಿನ ಕರಿ ಫೋನಿಗೆ ಅದು ಸರಿಹೋಗುತ್ತಿತ್ತು. ಅವಳು ಬೊಟ್ಟು ಮಾಡಿ ತೋರಿಸಿದಾಗ ಅಶ್ವಿನಿಯ ಮುಖ ಸಣ್ಣದಾಯಿತು.

"ಅದರ ಕ್ಯಾಮೆರಾ ಚಲೋ ಇಲ್ಲಬೇ ಯವ್ವ."

"ರೊಟ್ಟಿಗಿ ಕ್ಯಾಮೆರಾ ಯಾಕ ಬೇಕ? ದುಂಡಗ ಇರ್ತಾವಂತ ಎಲ್ಲಾರಿಗೂ ಗೊತ್ತೈತಿ."

ಸಾಬ ನಕ್ಕುಬಿಟ್ಟ. ಮುಖ ಗಂಟಿಕ್ಕಿಕೊಂಡಿದ್ದ ಅಶ್ವಿನಿಗೂ ನಗು ತಡೆಯಲಾಗಲಿಲ್ಲ.

ಇನ್ನು ಸಿಮ್ಮು. ಅದು ಅವಳ ಹೆಸರಿನಲ್ಲೇ ಆಗಬೇಕೆಂದಳು. ಅದಕ್ಕೆ ಓಟಿಪಿ ಬೇಡ, ಹೆಬ್ಬಟ್ಟು ಸಾಕು ಎಂದು ಸಾಬ ಕೆಂಪು ದೀಪದ ಸಣ್ಣ ಪೆಟ್ಟಿಗೆಯನ್ನು ಮುಂದಿಟ್ಟ. ಅವಳು ಒತ್ತಿದಳು. ಹಿಡಿಯಲಿಲ್ಲ. ಎಡಗೈಯದನ್ನು ಒತ್ತಿದಳು, ಅದೂ ಇಲ್ಲ. ಇಷ್ಟು ವರ್ಷ ಹಲಗೆಯ ಮೇಲೆ ಬಡಿದು, ಸುಡುವ ಹಂಚಿನ ಮೇಲೆ ಬರಿಗೈಲಿ ತಿರುವಿ ಹಾಕಿ, ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಸಾಬ ಪೆಟ್ಟಿಗೆಯ ಗಾಜು ಒರೆಸಿದ. ಅಶ್ವಿನಿ ಅವ್ವನ ಕೈಯನ್ನು ತನ್ನ ದುಪಟ್ಟಾದಿಂದ ಉಜ್ಜಿ ಒಂದೊಂದೇ ಬೆರಳು ಇಡಿಸತೊಡಗಿದಳು. ಈಗ ಮಗಳಿಗೆ ನೀಲಿ ಫೋನಿನ ನೆನಪೇ ಇರಲಿಲ್ಲ. ಇಲ್ಲಿಯತನಕ ಬಂದು ಬರಿಗೈಲಿ ಹೋಗುವುದೇ ಎನಿಸಿತು ಶಿವಬಸಮ್ಮನಿಗೆ.

"ಯವ್ವ, ಕಿರಿಬಟ್ಟು ಇಡು. ಅದನ್ನ ನೀ ರೊಟ್ಟಿಗಿ ಹಚ್ಚಂಗಿಲ್ಲ, ಎತ್ತಿ ಹಿಡದಿರ್ತಿ."

ಹೌದಲ್ಲ! ರೊಟ್ಟಿ ತಿರುವುವಾಗ ಎಡಗೈಯ ಕಿರುಬೆರಳು ಮೇಲಕ್ಕೆ ನಿಂತಿರುತ್ತಿತ್ತು, ಅತ್ತೆ ಇದ್ದಾಗ ಅದಕ್ಕೇ ಬೈಸಿಕೊಂಡಿದ್ದಳು. ಆ ಬೆರಳನ್ನಿಟ್ಟು ಉಸಿರು ಹಿಡಿದಳು. ಪೆಟ್ಟಿಗೆಯ ದೀಪ ಹಸಿರಾಯಿತು. ಅವ್ವ ಮಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅಂಗಡಿಯಲ್ಲೇ ನಕ್ಕರು.

ಮಸ್ಕಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಶಿವಬಸಮ್ಮ ತನ್ನ ನಂಬರನ್ನು ಬಾಯಿಪಾಠ ಮಾಡಿದಳು. ತಪ್ಪಿದಲ್ಲಿ ಅಶ್ವಿನಿ ತಿದ್ದಿದಳು. ಕಾಲುವೆ ದಾಟುವಷ್ಟರಲ್ಲಿ ಹಿಂದಿನ ಸೀಟಿನವರಿಗೂ ಅದು ಬಾಯಿಗೆ ಬಂದಿರಬೇಕು. ಮನೆ ಮುಟ್ಟಿದ ಮೇಲೆ, ಆರ್ಡರಿನ ವಹಿಯಲ್ಲಿದ್ದ ನಂಬರು ನೋಡಿ, ಇದು ರೊಟ್ಟಿ ಶಿವಬಸಮ್ಮನ ನಂಬರು ಎಂದು ಅಶ್ವಿನಿ ಲಿಂಗಸುಗೂರಿಗೂ ಹಟ್ಟಿಗೂ ಮೆಸೇಜು ಕಳಿಸಿದಳು.

ಸಂಜೆ ಕರಿಬಸಯ್ಯ ಬಂದು, ಕರಿ ಫೋನನ್ನು ತಿರುವಿ ಮುರುವಿ ನೋಡಿ, ಚಲೋ ಐತಿ ಎಂದು ವಿಭೂತಿ ಹಚ್ಚಿ ಹಿಟ್ಟಿನ ಡಬ್ಬಿಯ ಪಕ್ಕದ ಗೂಡಿನಲ್ಲಿಟ್ಟ. ಓಟಿಪಿಯ ಸುದ್ದಿ ಅವಳು ತೆಗೆಯಲಿಲ್ಲ. ಒಲೆ ಹೊತ್ತಿಸಿ ರೊಟ್ಟಿಗೆ ಕುಳಿತಳು. ಆತ ಬಾಗಿಲ ಹತ್ತಿರ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಫೋನು ರಿಂಗಾಯಿತು.

ಕರಿಬಸಯ್ಯ ಕಣ್ಣು ತೆರೆಯದೆಯೇ ಅಂಗಿಯ ಕಿಸೆಗೆ ಕೈ ಹಾಕಿ ತನ್ನ ಫೋನನ್ನು ತೆಗೆದ. ಅದು ಸುಮ್ಮನಿತ್ತು. ಕೈಯಲ್ಲಿ ಹಿಡಿದುಕೊಂಡೇ ಹೆಂಡತಿಯ ಕಡೆ ನೋಡಿದ. ಒಳಗಿನಿಂದ ಅಶ್ವಿನಿ ಓಡಿಬಂದಳು.

"ತಡಿ," ಎಂದಳು ಶಿವಬಸಮ್ಮ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಗೂಡಿನಲ್ಲಿ ಫೋನು ರಿಂಗಾಗುತ್ತಲೇ ಇತ್ತು, ಅದರ ಬೆಳಕಿನಲ್ಲಿ ಹಿಟ್ಟಿನ ದೂಳು ಹಾರಾಡುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಕಿರುಬೆರಳಿನಿಂದ ಅದನ್ನು ಮುಟ್ಟಿದಳು.