ನೀಲವ್ವನ ಹೆಸರಿದ್ದ ಜಾಗ

ಜ್ಯೋತಿಲಕ್ಷ್ಮಿಗೆ ತನ್ನ ಕವಿತೆಯ ಮೇಲೆ ಮೋಹ ಕೊಂಚ ಜಾಸ್ತಿಯೇ. ಬಳ್ಳಾರಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತ ಅವಳು ತಂದದ್ದು ನಾಲ್ಕಾರು ಸಂಕಲನ. ಜನ ನೆನಪಿಟ್ಟದ್ದು ಮಾತ್ರ ‘ನೀಲವ್ವ’ ಎಂಬ ಒಂದೇ ಕವಿತೆ. ಕುರುಗೋಡಿನ ಅಜ್ಜಿ ನೆಲ್ಲು ನಾಟಿ ಮಾಡುತ್ತ ಹೇಳುತ್ತಿದ್ದ ಹಾಡಿನಿಂದ ಅದು ಹುಟ್ಟಿತ್ತು. ಆ ಹಾಡನ್ನೂ ಈ ಕವಿತೆಯನ್ನೂ ಪಕ್ಕಪಕ್ಕ ಇಟ್ಟು ನೋಡುವ ಪ್ರಬಂಧವನ್ನು ಸುಹಾನಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಳ್ಳಾರಿಯದೇ ಗಾಂಧಿನಗರದ ಸಭಾಂಗಣದಲ್ಲಿ ಓದುತ್ತಿದ್ದಳು. ಕವಯಿತ್ರಿ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಮದುವಣಗಿತ್ತಿಯ ಹಾಗೆ ಕುಳಿತಿದ್ದಳು.

“ಕವಿತೆಯಲ್ಲಿ ನೀರೇ ನೀಲವ್ವನನ್ನು ಕರೆಯುತ್ತದೆ, ಅವಳು ತಾನಾಗಿಯೇ ಹೋಗುತ್ತಾಳೆ. ಹಾಡಿನಲ್ಲಿ ಹಾಗಿಲ್ಲ,” ಎಂದ ಸುಹಾನಾ ಹಾಡಿನ ಸಾಲು ಓದಿದಳು.

“ನೀರಿಗಂತ ಕಳಿಸ್ಯಾರ ನೀಲವ್ವನ,
ಕೊಡ ಬಂತು ಮನಿಗೆ, ಆಕಿ ಬರಲಿಲ್ಲ.”

“ಕಳಿಸಿದವರು ಯಾರು ಅಂತ ಹಾಡು ಕೇಳುತ್ತದೆ. ಕವಿತೆ ಕೇಳುವುದಿಲ್ಲ.”

ಮಾತು ಚುಚ್ಚಿತು. ಆದರೂ ಜ್ಯೋತಿಲಕ್ಷ್ಮಿ ಮುಖದ ಮೇಲಿನ ನಗು ಕದಲಗೊಡಲಿಲ್ಲ. ಅವಳು ಬಿಟ್ಟದ್ದು ಅದೊಂದನ್ನೇ ಅಲ್ಲ. ಹಾಡಿನಲ್ಲಿ ನೀಲವ್ವ ಎಂಬ ಹೆಸರು ಖಾಯಂ ಅಲ್ಲ. ಸಾಹುಕಾರನ ಗದ್ದೆಯಲ್ಲಿ ದುಡಿಯುವ ಹೆಂಗಸರು ಅವನ ಮನೆಯ ವಿಚಾರಕ್ಕೆ ಬಾಯಿ ತೆರೆಯುವ ಹಾಗಿಲ್ಲ. ಆ ಮನೆಯ ಸೊಸೆಯ ಜೀವಕ್ಕೆ ಕುತ್ತು ಬಂದಿದೆ ಅನ್ನಿಸಿದರೆ, ನೀಲವ್ವನನ್ನು ತೆಗೆದು ಆ ಸೊಸೆಯ ಹೆಸರು ಹಾಕಿ, ಸಾಹುಕಾರನಿಗೆ ಕೇಳುವಂತೆ ಹಾಡುತ್ತಾರೆ. ಹಾಡು ಬಾಯಿಂದ ಬಾಯಿಗೆ ಹೋಗಿ ತವರು ಮುಟ್ಟುತ್ತದೆ. ಅಜ್ಜಿಯ ಕಾಲದಲ್ಲಿ ಹೀಗೇ ಹಾಡು ಕೇಳಿದ ಅಣ್ಣಂದಿರು ಗಾಡಿ ಕಟ್ಟಿಕೊಂಡು ಬಂದು ತಂಗಿಯನ್ನು ಕರೆದೊಯ್ದಿದ್ದರಂತೆ. ಆದರೆ ಊರೂರಿಗೆ ಬದಲಾಗುವ ಹೆಸರು ಅಚ್ಚುಕಟ್ಟಾದ ಕವಿತೆಗೆ ಒಗ್ಗುವುದಿಲ್ಲ ಎಂದು ಕವಯಿತ್ರಿ ಅದನ್ನು ಕೈಬಿಟ್ಟಿದ್ದಳು.

“ತೆಕ್ಕಲಕೋಟೆಯ ಹೊನ್ನೂರಮ್ಮನವರ ತಂಡದಿಂದ ಇದನ್ನು ರೆಕಾರ್ಡ್ ಮಾಡಿಕೊಂಡೆ. ಇಲ್ಲೊಂದು ಪಾಠಾಂತರವಿದೆ,” ಎಂದು ಸುಹಾನಾ ಮೊಬೈಲನ್ನು ಮೈಕಿಗೆ ಹಿಡಿದಳು.

ಅದನ್ನು ಅವಳು ಮೇಡಂಗೆ ವಾರದ ಹಿಂದೆಯೇ ಕಳಿಸಿದ್ದಳು. ಮೇಡಂ ತೆರೆದಿರಲಿಲ್ಲ. ಅಜ್ಜಿಯ ತೊಡೆಯ ಮೇಲೆ ಕಲಿತ ಹಾಡಿನಲ್ಲಿ ಹೊಸದಾಗಿ ಕೇಳುವುದೇನಿದೆ ಎಂಬ ಜಂಬ.

“ನೀರಿಗಂತ ಕಳಿಸ್ಯಾರ ದುರ್ಗಾದೇವೀನ…”

ಜ್ಯೋತಿಲಕ್ಷ್ಮಿಯ ನಗು ಈಗ ಉಳಿಯಲಿಲ್ಲ. ದುರ್ಗಾದೇವಿ ಅವಳ ಒಬ್ಬಳೇ ಮಗಳು. ಕಳೆದ ವರ್ಷ ತೆಕ್ಕಲಕೋಟೆಯ ದೊಡ್ಡ ಜಮೀನ್ದಾರರ ಮನೆಗೆ ಕೊಟ್ಟಿದ್ದರು. ಫೋನು ಮಾಡಿದಾಗಲೆಲ್ಲ “ಚೊಲೊ ಅದೀನವ್ವಾ” ಅನ್ನುತ್ತಿದ್ದಳು. ಪ್ರತಿ ಸಲವೂ ಹಿಂದೆ ಅತ್ತೆಯ ಕೆಮ್ಮು ಕೇಳುತ್ತಿತ್ತು. ಸಭೆಯ ಗಡಿಬಿಡಿಯಲ್ಲಿ ಈ ವಾರ ಆ ಫೋನನ್ನೂ ಮಾಡಿರಲಿಲ್ಲ.

ಜನ ಚಪ್ಪಾಳೆ ತಟ್ಟುತ್ತಿರುವಾಗಲೇ ಅವಳು ಎದ್ದು ಹೊರಗೆ ಬಂದಳು. ಮಗಳ ಫೋನು ಸ್ವಿಚ್ ಆಫ್. ಬೀಗಿತ್ತಿಗೆ ಹಚ್ಚಿದಳು.

“ಅಯ್ಯ, ದುರ್ಗಿ ನಿಮ್ಮಲ್ಲೇ ಬಂದಾಳಲ್ರೀ ಬೀಗರ! ಮೊನ್ನೀನ ಬಸ್ ಹತ್ತಿದ್ಲು. ಇನ್ನಾ ಮುಟ್ಟಿಲ್ಲೇನು?”

ಬೀಗಿತ್ತಿಯ ದನಿಯಲ್ಲಿ ಗಾಬರಿಯೇ ಇರಲಿಲ್ಲ. ಮೊದಲೇ ಹೇಳಿ ಹೇಳಿ ರೂಢಿ ಮಾಡಿಕೊಂಡ ಮಾತಿನಂತಿತ್ತು. ಅತ್ತ ಕಡೆ ಯಾರೋ ಟಿ.ವಿ.ಯ ಸದ್ದು ಪೂರ್ತಿ ಇಳಿಸಿದರು.

ಜ್ಯೋತಿಲಕ್ಷ್ಮಿ ಸುಹಾನಾಳನ್ನು ಕರೆದುಕೊಂಡು ಕಾರು ಹತ್ತಿದಳು. ದಾರಿಯಲ್ಲೇ ಪೊಲೀಸರಿಗೆ ಫೋನು ಮಾಡಿದಳು. ವಿಷಯ ತಿಳಿದ ಸುಹಾನಾ ಅಳತೊಡಗಿದಳು. “‘ನಿಮ್ಮ ಮೇಡಂಗ ತಪ್ಪದ ಕೇಳಸವ್ವಾ’ ಅಂತ ಹೊನ್ನೂರಮ್ಮ ಕೈ ಹಿಡಕೊಂಡು ಹೇಳಿದ್ಲು ಮೇಡಮ್. ನಿಮ್ಮ ಮ್ಯಾಲಿನ ಅಭಿಮಾನ ಅನ್ಕೊಂಡೆ.”

ತಪ್ಪು ಆ ಹುಡುಗಿಯದಲ್ಲ ಎಂದು ಜ್ಯೋತಿಲಕ್ಷ್ಮಿಗೆ ಗೊತ್ತಿತ್ತು.

ತೆಕ್ಕಲಕೋಟೆಯ ರಸ್ತೆ ಪಕ್ಕದಲ್ಲೇ ಬೀಗರ ಗದ್ದೆ. ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು. ಯಾರ ಬಾಯಲ್ಲೂ ಹಾಡಿರಲಿಲ್ಲ. ಕಾರು ಕಂಡು ಹೊನ್ನೂರಮ್ಮ ಮೊಳಕಾಲುದ್ದ ಕೆಸರಿನಲ್ಲಿ ನಡೆದು ಬಂದಳು.

“ಈಗ ಕೇಳಿದ್ರೇನಮ್ಮಾ?” ಅಂದಳು. ಆ ಮಾತಿನಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು.

“ದುರ್ಗಿ ಎಲ್ಲಿ? ಮೊನ್ನೆ ಬಸ್ ಹತ್ತಿದಳಂತೆ…”

“ಯಾರಂದ್ರು? ಬಸ್ಸು ನಮ್ಮ ಮುಂದ ನಿಂದರ್ತೈತಿ, ಹತ್ತಿದ್ರ ನಮ್ಮ ಕಣ್ಣಿಗೆ ಬೀಳ್ತಿದ್ದಿಲ್ಲೇನು? ಫೋನಿನ್ಯಾಗ ಮನಸ್ಸು ಬಿಚ್ಚಿ ಮಾತಾಡಾಕ ಅತ್ತಿ ಬಿಡ್ತಿದ್ದಿಲ್ಲಮ್ಮಾ. ನಮಗ ಬುತ್ತಿ ತಂದಾಗ ಆಕೀನ ಹೇಳಿದ್ಲು, ನನ್ನ ಹೆಸರು ಹಾಕಿ ಹಾಡ್ರಿ, ನಮ್ಮವ್ವಗ ಈ ಹಾಡಿನ ಅರ್ಥ ಗೊತ್ತೈತಿ, ಕೇಳಿದ ಕೂಡ್ಲೇ ಓಡಿ ಬರ್ತಾಳ ಅಂತ.”

ಜ್ಯೋತಿಲಕ್ಷ್ಮಿ ಕಾರಿನ ಬಾಗಿಲು ಹಿಡಿದು ನಿಂತಳು. ಹೊನ್ನೂರಮ್ಮ ಅವಳ ಮುಖ ನೋಡದೆ ಹೇಳಿದಳು:

“ಬಳ್ಳಾರಿ ಬಸ್ ಬರೋ ಹೊತ್ತಿಗೆ ದಿನಾ ಇಲ್ಲೇ ಬದುವಿನ ಮ್ಯಾಲ ಬಂದು ನಿಂದರ್ತಿದ್ಲಮ್ಮಾ. ಇಳಿಯೋರ ಮುಖ ಒಂದೊಂದಾ ನೋಡ್ತಿದ್ಲು. ಮೊನ್ನಿ ಸಂಜಿ ತನಕಾ ನೋಡಿದ್ಲು.”